ಕೆಲಸವಿಲ್ಲದ ಸರ್ವರ್‌ಗೂ ಕರೆಂಟು ಬೇಕು

ಪೀಣ್ಯದ ಕಡೆಯ ಯಾವುದಾದರೂ ಮಧ್ಯಮ ಗಾತ್ರದ ಕಂಪನಿಯ ಸರ್ವರ್ ರೂಮಿಗೆ ಹೋಗಿ ನೋಡಿ. ರ‍್ಯಾಕ್‌ನ ತಳದಲ್ಲಿ ಒಂದು ಹಳೇ ಡಬ್ಬ ಇದ್ದೇ ಇರುತ್ತದೆ. ಕಳೆದ ಆಯುಧಪೂಜೆಯ ಕುಂಕುಮ ಅದರ ಮೇಲೆ ಇನ್ನೂ ಉಳಿದಿರುತ್ತದೆ. ಪಕ್ಕದಲ್ಲೇ ಸೆಲ್ಲೋಟೇಪಿನಿಂದ ಅಂಟಿಸಿದ ಚೀಟಿ: ‘ಆಫ್ ಮಾಡಬೇಡಿ’. ಯಾಕೆ ಮಾಡಬಾರದು ಎಂದರೆ ಉತ್ತರ ಕೊಡುವವರಿಲ್ಲ. ಅದನ್ನು ತಂದು ಕೂರಿಸಿದವರು ಕೆಲಸ ಬಿಟ್ಟು ಯಾವ ಕಾಲವಾಯಿತೋ. ‘ಅಟೆಂಡೆನ್ಸ್ ಸಾಫ್ಟ್‌ವೇರ್ ಅದರಲ್ಲೇ ಇದೆ ಅನ್ಸುತ್ತೆ ಸರ್, ಒಂದ್ಸಲ ಆಫಾದ್ರೆ ಮತ್ತೆ ಆನ್ ಆಗಲ್ಲ ಅಂತಾರೆ.’ ಕುಂಕುಮದ ಬಗ್ಗೆ ನನಗೆ ತಕರಾರಿಲ್ಲ, ವರ್ಷಕ್ಕೊಮ್ಮೆಯಾದರೂ ಯಾರೋ ಧೂಳು ಒರೆಸುತ್ತಾರೆ. ತಕರಾರಿರುವುದು ಆ ಚೀಟಿಯ ಬಗ್ಗೆ. ಎಂಜಿನಿಯರಿಂಗ್ ಓದಿದವರು ಕಾರಣ ತಿಳಿಯದೆ ಒಂದು ಯಂತ್ರಕ್ಕೆ ಹೆದರಿ ದೂರ ನಿಂತರೆ ಅದೂ ಮೂಢನಂಬಿಕೆಯೇ.

ಆ ಡಬ್ಬಕ್ಕೊಂದು ಮಾನಿಟರ್ ಸಿಕ್ಕಿಸಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸರ್ ಬಳಕೆಯ ಗೆರೆ ತಳಕ್ಕೆ ಅಂಟಿಕೊಂಡೇ ಓಡುತ್ತಿರುತ್ತದೆ. ಶೇ 3, ಶೇ 5, ಬೆಳಿಗ್ಗೆ ಒಂಬತ್ತಕ್ಕೆ ಜನ ಬೆರಳೊತ್ತುವಾಗ ಒಂದಿಷ್ಟು ಮೇಲೆದ್ದು ಮತ್ತೆ ಮಲಗುತ್ತದೆ. ಮೇಲಿನ ಖಾನೆಗಳಲ್ಲಿರುವ ಅಕೌಂಟ್ಸ್ ಸರ್ವರ್, ಮೇಲ್ ಸರ್ವರ್, ಪ್ರಿಂಟ್ ಸರ್ವರ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಯಂತ್ರ ಕೊಡುವ ಅಭ್ಯಾಸ ತೊಂಬತ್ತರ ದಶಕದ್ದು. ಒಂದೇ ವಿಂಡೋಸ್‌ನಲ್ಲಿ ಎರಡು ಸಾಫ್ಟ್‌ವೇರ್ ಹಾಕಿದರೆ ಒಂದು ತಂದ ಡಿಎಲ್‌ಎಲ್ ಫೈಲು (ಹಲವು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಕಡತ) ಇನ್ನೊಂದರದ್ದನ್ನು ಅಳಿಸಿ ಹಾಕುತ್ತಿತ್ತು. ಮಾರುವವರೂ ‘ನಮ್ಮದರ ಜೊತೆ ಬೇರೇನಾದರೂ ಹಾಕಿದರೆ ಸಪೋರ್ಟ್ ಕೊಡುವುದಿಲ್ಲ’ ಎನ್ನುತ್ತಿದ್ದರು. ಜಗಳ ಬೇಡವೆಂದು ಎಲ್ಲರಿಗೂ ಬೇರೆ ಬೇರೆ ಡಬ್ಬ ಕೊಟ್ಟದ್ದಾಯಿತು.

‘ಕೆಲಸ ಇಲ್ಲದಿದ್ದರೆ ಕರೆಂಟೂ ಎಳೆಯುವುದಿಲ್ಲ ಬಿಡಿ’ ಎನ್ನುವವರಿದ್ದಾರೆ. ಇದು ಶುದ್ಧ ತಪ್ಪು. ಗೂಗಲ್‌ನ ಲೂಯಿಸ್ ಬರೋಸೊ ಮತ್ತು ಊರ್ಸ್ ಹೋಲ್ಸ್‌ಲೆ 2007ರಲ್ಲಿ ಬರೆದ ಪ್ರಬಂಧದ ಪ್ರಕಾರ, ಅಂದಿನ ಒಳ್ಳೆಯ ಸರ್ವರ್‌ಗಳು ಕೂಡ ಏನೂ ಮಾಡದೆ ಕುಳಿತಾಗ ಪೂರ್ತಿ ದುಡಿಯುವಾಗಿನ ಅರ್ಧದಷ್ಟು ವಿದ್ಯುತ್ ಕುಡಿಯುತ್ತಿದ್ದವು. ಫ್ಯಾನು, ಮೆಮರಿ, ಡಿಸ್ಕು, ಪವರ್ ಸಪ್ಲೈ ಯಾವುದಕ್ಕೂ ಪ್ರೊಸೆಸರ್ ಬಿಡುವಾಗಿದೆ ಎಂಬುದರ ಪರಿವೆ ಅಷ್ಟಾಗಿ ಇಲ್ಲ.

ಲೆಕ್ಕ ಹಾಕೋಣ. ಖಾಲಿ ಕುಳಿತ ಸರ್ವರ್ ಒಂದು 150 ವ್ಯಾಟ್ ಎಳೆಯುತ್ತದೆ, ಅಂಥವು 20 ಇವೆ ಎಂದಿಟ್ಟುಕೊಳ್ಳಿ. ಒಟ್ಟು 3 ಕಿಲೋವ್ಯಾಟ್, ವರ್ಷಕ್ಕೆ 8,760 ಗಂಟೆ, ಅಂದರೆ 26,280 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 2,10,240 ರೂಪಾಯಿ. ಅದೇ 20 ಸರ್ವರ್‌ಗಳ ಕೆಲಸವನ್ನು ತಲಾ 350 ವ್ಯಾಟ್‌ನ ಮೂರು ದೊಡ್ಡ ಯಂತ್ರಗಳಿಗೆ ಹಂಚಿದರೆ 9,198 ಯೂನಿಟ್, 73,584 ರೂಪಾಯಿ. ಎಸಿ ಮತ್ತು ಯುಪಿಎಸ್ ನುಂಗುವುದನ್ನು ನಾನಿನ್ನೂ ಸೇರಿಸಿಲ್ಲ. ಸರ್ವರ್ ಎಳೆದ ಪ್ರತಿ ವ್ಯಾಟೂ ಶಾಖವಾಗಿಯೇ ಹೊರಬರುವುದರಿಂದ ಅದನ್ನು ಹೊರಗೆ ಸಾಗಿಸಲು ಎಸಿಯ ಬಿಲ್ಲು ಬೇರೆ. ಮೇಲಿಂದ 17 ಡಬ್ಬಗಳ ಎಎಂಸಿ (ವಾರ್ಷಿಕ ನಿರ್ವಹಣೆಯ ಹಣ) ಉಳಿಯಿತು.

ಹೀಗೆ ಹಂಚುವ ಉಪಾಯವೇ ವರ್ಚುವಲ್ ಮಷೀನ್, ಚಿಕ್ಕದಾಗಿ ವಿಎಂ. ಹೈಪರ್‌ವೈಸರ್ ಎಂಬ ತೆಳುವಾದ ತಂತ್ರಾಂಶ ಯಂತ್ರದ ಮೇಲೆ ಕೂತು, ಒಳಗಿರುವ ಒಂದೊಂದು ಆಪರೇಟಿಂಗ್ ಸಿಸ್ಟಂಗೂ ‘ಈ ಯಂತ್ರ ಪೂರ್ತಿ ನಿನ್ನದೇ’ ಎಂದು ನಂಬಿಸುತ್ತದೆ. ಇಲ್ಲಿ ಎರಡನೇ ತಪ್ಪು ಕಲ್ಪನೆ ಶುರುವಾಗುತ್ತದೆ: ವರ್ಚುವಲ್ ಎಂದರೆ ನಕಲಿ, ನಕಲಿ ಎಂದರೆ ನಿಧಾನ. ಹಾಗಲ್ಲ. ಒಳಗಿನ ವಿಂಡೋಸ್ ಎರಡು ಸಂಖ್ಯೆ ಕೂಡಿದರೆ ಅದನ್ನು ಕೂಡುವುದು ನಿಜವಾದ ಪ್ರೊಸೆಸರ್, ನಿಜವಾದ ವೇಗದಲ್ಲಿ. ಹೈಪರ್‌ವೈಸರ್‌ಗೆ ಅದರ ಸುದ್ದಿಯೂ ತಲುಪುವುದಿಲ್ಲ. ಒಳಗಿನ ಸಿಸ್ಟಂ ಯಜಮಾನಿಕೆ ತೋರಿಸಲು ಹೊರಟಾಗ, ಅಂದರೆ ಮೆಮರಿಯ ನಕ್ಷೆ ಬದಲಿಸುವುದೋ, ಇಂಟರಪ್ಟ್ (ಡಿಸ್ಕು, ಕೀಬೋರ್ಡಿನಂಥವು ಪ್ರೊಸೆಸರ್‌ನ ಗಮನ ಸೆಳೆಯಲು ಕೊಡುವ ಕರೆ) ನಿಲ್ಲಿಸುವುದೋ ಮಾಡಿದಾಗ ಮಾತ್ರ ಪ್ರೊಸೆಸರ್ ‘ಈ ಅಧಿಕಾರ ನಿನಗಿಲ್ಲ’ ಎಂದು ತಡೆದು ಹೈಪರ್‌ವೈಸರ್‌ನ ಕೈಗೆ ಒಪ್ಪಿಸುತ್ತದೆ. ಇದನ್ನು ಟ್ರ್ಯಾಪ್ ಎನ್ನುತ್ತಾರೆ. ಒಳಗಿನ ಸಿಸ್ಟಂ ಕೇಳಿದ್ದನ್ನು ಹೈಪರ್‌ವೈಸರ್ ತನ್ನ ಪುಸ್ತಕದಲ್ಲಿ ಬರೆದುಕೊಂಡು, ಆ ಒಂದು ವಿಎಂಗೆ ಸಲ್ಲುವಷ್ಟು ಮಾಡಿಕೊಟ್ಟು, ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಬಿಡುತ್ತದೆ.

ನನಗೆ ಎಷ್ಟು ಸಲ ಯೋಚಿಸಿದರೂ ಬೇಸರವಾಗದ ಉಪಾಯ ಇದು, ಮತ್ತು ಇದು ಬಹಳ ಹಳೆಯದು. 1964ರ ಕೊನೆಯಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ಸೈಂಟಿಫಿಕ್ ಸೆಂಟರ್‌ನಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಸಿಪಿ-40 ಎಂಬ ವ್ಯವಸ್ಥೆ ಕಟ್ಟತೊಡಗಿದರು. ಮಾರ್ಪಡಿಸಿದ ಒಂದು ಸಿಸ್ಟಂ/360 ಮಾಡೆಲ್ 40 ಯಂತ್ರದ ಮೇಲೆ 14 ವರ್ಚುವಲ್ ಮಷೀನ್‌ಗಳು, ಒಂದೊಂದಕ್ಕೂ 256 ಕಿಲೋಬೈಟ್ ಮೆಮರಿ. ಕಿಲೋಬೈಟ್, ಇನ್ನೊಮ್ಮೆ ಓದಿಕೊಳ್ಳಿ. ಬಳಸುವವರು ಸರದಿಯಲ್ಲಿ ನಿಲ್ಲದೆ ಒಂದೇ ದುಬಾರಿ ಯಂತ್ರವನ್ನು ಏಕಕಾಲಕ್ಕೆ ಹಂಚಿಕೊಳ್ಳಬೇಕು ಎಂಬುದು ಅವರ ತಲೆನೋವಾಗಿತ್ತು. ಪ್ರತಿಯೊಬ್ಬರಿಗೂ ಒಂದು ಇಡೀ ಯಂತ್ರವನ್ನೇ ‘ಕೊಟ್ಟು’ಬಿಡುವುದು ಅವರು ಕಂಡುಕೊಂಡ ದಾರಿ. 1972ರಲ್ಲಿ ಐಬಿಎಂ ಇದನ್ನು ವಿಎಂ/370 ಎಂದು ಅಧಿಕೃತವಾಗಿ ಮಾರುಕಟ್ಟೆಗೆ ತಂದಿತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದರ ಹಿಂದಿನ ನಿಯಮವನ್ನು ಗಣಿತದ ಭಾಷೆಯಲ್ಲಿ ಬರೆದಿಟ್ಟರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಅಥವಾ ಇಣುಕಿ ನೋಡುವ ಪ್ರತಿ ಆದೇಶವೂ, ಅಧಿಕಾರವಿಲ್ಲದವರು ಕೊಟ್ಟಾಗ ಟ್ರ್ಯಾಪ್ ಆಗಬೇಕು. ಆಗ ವರ್ಚುವಲ್ ಮಷೀನ್ ಕಟ್ಟುವುದು ಸಾಧ್ಯವೆಂಬುದು ಖಚಿತ.

ನಮ್ಮೆಲ್ಲರ ಮೇಜಿನ ಮೇಲೆ ಬಂದು ಕೂತ ಇಂಟೆಲ್ ಪ್ರೊಸೆಸರ್ ಈ ನಿಯಮ ಪಾಲಿಸಿರಲಿಲ್ಲ. ಪಾಪ್‌ಎಫ್ ಎಂಬ ಒಂದು ಆದೇಶವನ್ನೇ ನೋಡಿ. ಅಧಿಕಾರವಿರುವ ಸಿಸ್ಟಂ ಇದನ್ನು ಕೊಟ್ಟರೆ ಇಂಟರಪ್ಟ್‌ಗಳನ್ನು ನಿಲ್ಲಿಸಬಹುದು, ಮತ್ತೆ ಶುರು ಮಾಡಬಹುದು. ಅಧಿಕಾರವಿಲ್ಲದೆ ಕೊಟ್ಟರೆ? ಟ್ರ್ಯಾಪ್ ಇಲ್ಲ, ದೋಷದ ಸೂಚನೆ ಇಲ್ಲ, ಇಂಟರಪ್ಟ್‌ನ ಬಿಟ್ ಮಾತ್ರ ಇದ್ದ ಹಾಗೇ ಇರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತಿರಸ್ಕಾರವಾದರೆ ತೊಂದರೆಯಿಲ್ಲ, ಹಿಂಬರಹ ಹಿಡಿದು ಮೇಲಿನ ಕಚೇರಿಗೆ ಹೋಗಬಹುದು. ಗುಮಾಸ್ತ ನಗುನಗುತ್ತಾ ಅರ್ಜಿ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದರೆ ಮೇಲಿನವರಿಗೆ ಗೊತ್ತಾಗುವ ಬಗೆಯೇ ಇಲ್ಲ, ನೀವು ಕೆಲಸ ಆಯಿತೆಂದುಕೊಂಡೇ ಮನೆಗೆ ಬರುತ್ತೀರಿ. ಪಾಪ್‌ಎಫ್ ಆ ಗುಮಾಸ್ತ. ಒಳಗಿನ ಸಿಸ್ಟಂ ಇಂಟರಪ್ಟ್ ನಿಂತಿದೆ ಎಂದು ನಂಬಿ ಮುಂದುವರಿಯುತ್ತದೆ, ಹೈಪರ್‌ವೈಸರ್‌ಗೆ ಅದು ಕೇಳಿದ್ದೇ ತಿಳಿಯುವುದಿಲ್ಲ, ನಾಲ್ಕು ಹೆಜ್ಜೆಯಾಚೆ ಎಲ್ಲ ಕುಸಿಯುತ್ತದೆ. 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪೆಂಟಿಯಂನಲ್ಲಿ ಇಂಥ 17 ಆದೇಶಗಳನ್ನು ಪಟ್ಟಿ ಮಾಡಿತು.

ಸ್ಟ್ಯಾನ್‌ಫರ್ಡ್‌ನ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳು ಅಲ್ಲಿಗೇ ಕೈಚೆಲ್ಲಲಿಲ್ಲ. ಡಯೇನ್ ಗ್ರೀನ್ ಅವರೊಂದಿಗೆ ಸೇರಿ 1998ರಲ್ಲಿ ವಿಎಂವೇರ್ ಶುರು ಮಾಡಿದರು. ಅವರ ಸಾಫ್ಟ್‌ವೇರ್ ಒಳಗಿನ ಸಿಸ್ಟಂನ ಕರ್ನಲ್‌ನ, ಅಂದರೆ ಅದರ ತಿರುಳಿನ, ಕೋಡ್ ಸಾಲುಗಳನ್ನು ಓಡುವ ಮುಂಚೆಯೇ ಓದಿ, ಪಾಪ್‌ಎಫ್‌ನಂಥ ಆದೇಶ ಸಿಕ್ಕಿದ ಕಡೆ ಅದನ್ನು ಕಿತ್ತು ತನ್ನ ಸಾಲುಗಳನ್ನು ಕೂರಿಸುತ್ತಿತ್ತು. ಒಮ್ಮೆ ತಿದ್ದಿದ್ದನ್ನು ಮೆಮರಿಯಲ್ಲಿ ಇಟ್ಟುಕೊಳ್ಳುತ್ತಿದ್ದುದರಿಂದ ಮತ್ತೆ ಅದೇ ಜಾಗಕ್ಕೆ ಬಂದಾಗ ಪುನಃ ತಿದ್ದುವ ಕೆಲಸವಿರಲಿಲ್ಲ. ಮಾಮೂಲಿ ಅಪ್ಲಿಕೇಶನ್‌ಗಳ ಸಾಲುಗಳನ್ನು ಮುಟ್ಟಲೇಬೇಕಿರಲಿಲ್ಲ, ಅವು ನೇರ ಓಡುತ್ತಿದ್ದವು. ಓಡುತ್ತಿರುವ ವಿಂಡೋಸ್ ಅನ್ನು ಅದಕ್ಕೇ ತಿಳಿಯದಂತೆ ತಿದ್ದುವ ಈ ಧೈರ್ಯಕ್ಕೆ ಹೋಲಿಸಿದರೆ, 2005ರಲ್ಲಿ ಇಂಟೆಲ್ ಮತ್ತು ಮರುವರ್ಷ ಎಎಂಡಿ ಪ್ರೊಸೆಸರ್‌ನಲ್ಲೇ ಪರಿಹಾರ ಕೊಟ್ಟದ್ದು ನನಗೆ ಕೊಂಚ ಸಪ್ಪೆ ಎನಿಸುತ್ತದೆ. ಲೋಕಕ್ಕೆ ಮಾತ್ರ ಅದರಿಂದ ಒಳ್ಳೆಯದೇ ಆಯಿತು. ಅವಿ ಕಿವಿಟಿ ಬರೆದ ಕೆವಿಎಂ ಎಂಬ ಹೈಪರ್‌ವೈಸರ್, ಈ ಹೊಸ ಸೌಲಭ್ಯವನ್ನೇ ನೆಚ್ಚಿಕೊಂಡು 2007ರಲ್ಲಿ ಲಿನಕ್ಸ್ ಕರ್ನಲ್‌ನ ಭಾಗವಾಯಿತು. ಪುಕ್ಕಟೆಯಾಗಿ.

ಸರ್ವರ್‌ಗಳನ್ನು ಒಟ್ಟುಗೂಡಿಸುವಾಗ ಪ್ರೊಸೆಸರ್ ಸಾಲದೇ ಹೋಗುವುದು ಅಪರೂಪ. ಮೊದಲು ಮುಗಿಯುವುದು ಮೆಮರಿ. ಇಪ್ಪತ್ತು ವಿಎಂಗೆ ತಲಾ 8 ಜಿಬಿ ಎಂದರೆ 160 ಜಿಬಿ ಬೇಕೇ ಬೇಕು. ಮೂರು ಯಂತ್ರಗಳಲ್ಲಿ ತಲಾ 128 ಜಿಬಿ ಇದ್ದರೆ, ಒಂದು ಕೆಟ್ಟು ನಿಂತರೂ ಉಳಿದೆರಡರ 256 ಜಿಬಿಯಲ್ಲಿ ಎಲ್ಲವೂ ಹಿಡಿಸುತ್ತವೆ. ಮೂರನೆಯ ಯಂತ್ರ ದಂಡ ಎನ್ನುವ ಫೈನಾನ್ಸ್‌ನವರಿಗೆ ಈ ಲೆಕ್ಕ ತೋರಿಸಿ. ಇಪ್ಪತ್ತು ಡಬ್ಬಗಳಿದ್ದಾಗ ಒಂದು ಕೆಟ್ಟರೆ ಒಂದು ಕೆಲಸ ನಿಲ್ಲುತ್ತಿತ್ತು, ಈಗ ಒಂದು ಕೆಟ್ಟರೆ ಏಳು.

ಮೆಮರಿ ಸಾಲದಾದಾಗ ಮಾಡುವ ಒಂದು ಚಮತ್ಕಾರವಿದೆ. 2002ರಲ್ಲಿ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ ವಿವರಿಸಿದ್ದು. ಮೆಮರಿಯನ್ನು ಪುಟಗಳೆಂಬ ತುಂಡುಗಳಾಗಿ ಹಂಚಿರುತ್ತಾರೆ; ಯಾವ ಪುಟ ಮುಖ್ಯ, ಯಾವುದು ಅಮುಖ್ಯ ಎಂದು ಹೊರಗಿರುವ ಹೈಪರ್‌ವೈಸರ್‌ಗೆ ಗೊತ್ತಿಲ್ಲ, ಒಳಗಿನ ಸಿಸ್ಟಂಗೆ ಗೊತ್ತು. ಆದ್ದರಿಂದ ಒಳಗೆ ಬಲೂನ್ ಎಂಬ ಪುಟ್ಟ ಡ್ರೈವರ್ ಇಡುತ್ತಾರೆ. ಹೊರಗೆ ಮೆಮರಿ ಕಡಿಮೆಯಾದಾಗ ಅದು ಒಳಗಿನ ಸಿಸ್ಟಂನಿಂದ ‘ನನಗೆ ಬೇಕು, ಕೊಡು’ ಎಂದು ಮೆಮರಿ ಪಡೆಯುತ್ತಾ ಊದಿಕೊಳ್ಳುತ್ತದೆ. ಸಿಸ್ಟಂ ತನಗೆ ಬೇಡದ ಪುಟಗಳನ್ನು ತಾನೇ ಆರಿಸಿ ಬಿಟ್ಟುಕೊಡುತ್ತದೆ. ಬಲೂನ್ ಅವನ್ನು ಬಳಸುವುದೇ ಇಲ್ಲ, ಗುಟ್ಟಾಗಿ ಹೈಪರ್‌ವೈಸರ್‌ಗೆ ದಾಟಿಸುತ್ತದೆ.

ಡಿಸ್ಕಿಗೆ ಇಂಥ ಉಪಾಯವಿಲ್ಲ. ಹಿಂದೆ ಪ್ರತಿ ಡಬ್ಬದಲ್ಲೂ ಮಧ್ಯಾಹ್ನ ಹನ್ನೆರಡಕ್ಕೆ ಆಂಟಿವೈರಸ್ ಸ್ಕ್ಯಾನ್ ಇಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ, ಅವರವರ ಡಿಸ್ಕ್ ಅವರವರದ್ದು. ಎಲ್ಲ ಒಂದೇ ಸ್ಟೋರೇಜಿಗೆ ಬಂದ ಮರುದಿನ ಹನ್ನೆರಡಕ್ಕೆ ಇಪ್ಪತ್ತೂ ವಿಎಂ ಒಟ್ಟಿಗೆ ಡಿಸ್ಕ್ ಓದಲು ನುಗ್ಗುತ್ತವೆ. ಅಕೌಂಟ್ಸ್‌ನವರು ‘ವರ್ಚುವಲ್ ಅಂದ್ರೆ ಸ್ಲೋ, ನಾವು ಮೊದಲೇ ಹೇಳಿರ್ಲಿಲ್ವಾ’ ಎಂದು ಫೋನ್ ಮಾಡುತ್ತಾರೆ. ಸ್ಕ್ಯಾನ್‌ನ ಸಮಯ ಹಂಚಿಬಿಡಿ, ಮುಗಿಯಿತು.

ಚೀಟಿ ಅಂಟಿಸಿದ ಡಬ್ಬವನ್ನೂ ಇದ್ದಂತೆಯೇ ವಿಎಂ ಆಗಿ ಎತ್ತಿ ತರಬಹುದು, ತರಬೇಕು ಕೂಡ, ಅದರ ಡಿಸ್ಕಿನ ಬೇರಿಂಗ್ ಎಂದು ಕೈಕೊಡುವುದೋ ಹೇಳಲಾಗದು. ಆದರೆ ಎತ್ತಿ ತಂದ ಮಾತ್ರಕ್ಕೆ ಒಳಗಿರುವ ವಿಂಡೋಸ್ ಸರ್ವರ್ 2003 ಹೊಸದಾಗುವುದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2015ರ ಜುಲೈನಲ್ಲೇ ಮುಗಿದಿದೆ. ವಿಎಂಗಳ ನಡುವಿನ ಗೋಡೆಯೂ ಮಾನವ ನಿರ್ಮಿತವೇ: 2015ರ ಮೇನಲ್ಲಿ ಬಯಲಾದ ವೆನಮ್ ಎಂಬ ದೋಷ ಇದ್ದದ್ದು, ವಿಎಂಗೆ ಯಂತ್ರದ ಬಿಡಿಭಾಗಗಳನ್ನು ಅನುಕರಿಸಿ ಕೊಡುವ ಕ್ಯೂಎಂಯು ತಂತ್ರಾಂಶದ ವರ್ಚುವಲ್ ಫ್ಲಾಪಿ ಡ್ರೈವ್‌ನಲ್ಲಿ. ಫ್ಲಾಪಿಯನ್ನು ಕಣ್ಣಲ್ಲೂ ಕಾಣದ ಕಾಲದಲ್ಲಿ, 2004ರಿಂದ ಕೂತಿದ್ದ ಸಾಲುಗಳ ಮೂಲಕ ಒಂದು ವಿಎಂನಿಂದ ಹೊರಗಿನ ಯಂತ್ರಕ್ಕೇ ನುಗ್ಗಲು ದಾರಿಯಿತ್ತು.

ಇನ್ನು ದುಡ್ಡು. ಯಂತ್ರಗಳು ಕಡಿಮೆಯಾದಷ್ಟೂ ಲೆಕ್ಕ ಲೈಸೆನ್ಸಿನ ಕಡೆ ವಾಲುತ್ತದೆ. ವಿಂಡೋಸ್ ಸರ್ವರ್‌ಗೆ ಈಗ ಪ್ರೊಸೆಸರ್‌ನ ಕೋರ್ (ಒಳಗಿನ ಒಂದೊಂದು ಲೆಕ್ಕ ಮಾಡುವ ಘಟಕ) ಲೆಕ್ಕದಲ್ಲಿ ಹಣ, ಒಂದು ಯಂತ್ರಕ್ಕೆ ಕನಿಷ್ಠ 16 ಕೋರ್. ಎಲ್ಲ ಕೋರ್‌ಗೂ ಸ್ಟ್ಯಾಂಡರ್ಡ್ ಆವೃತ್ತಿ ಕೊಂಡರೆ ಎರಡು ವಿಎಂ, ಡೇಟಾಸೆಂಟರ್ ಆವೃತ್ತಿ ಕೊಂಡರೆ ಎಷ್ಟಾದರೂ. ಇದನ್ನು ನೋಡದೆ 64 ಕೋರಿನ ಯಂತ್ರ ತಂದವರು ಕರೆಂಟಿನಲ್ಲಿ ಉಳಿಸಿದ್ದನ್ನು ಇಲ್ಲಿ ಕಟ್ಟುತ್ತಾರೆ. ವಿಎಂವೇರ್ ಅನ್ನು 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ 69 ಶತಕೋಟಿ ಡಾಲರ್‌ಗೆ ಕೊಂಡು, ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತ ಎಂಬ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಇನ್ನೇನಿದ್ದರೂ ಚಂದಾ. ಅಂದಿನಿಂದ ಸಣ್ಣ ಕಂಪನಿಗಳ ಐಟಿಯವರು ವಿಎಂಗಳನ್ನು ನಡೆಸುವ, ಕೆವಿಎಂ ಆಧಾರಿತ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್‌ನತ್ತ ನೋಡತೊಡಗಿದ್ದಾರೆ.

ಹಾಗೆ ಹೊರಡುವವರಿಗೆ ಒಂದು ಮಾತು. ಹಳೆಯ ವಿಎಂನ ಡಿಸ್ಕ್ ಫೈಲನ್ನು ಹೊಸ ರೂಪಕ್ಕೆ ಬದಲಿಸುವುದು ಒಂದು ಕಮಾಂಡಿನ ಕೆಲಸ. ಆದರೆ ಒಳಗಿನ ವಿಂಡೋಸ್‌ಗೆ ವರ್ಟ್‌ಐಒ ಡಿಸ್ಕಿನ (ವಿಎಂಗಳಿಗೆಂದೇ ರೂಪಿಸಿದ ವರ್ಚುವಲ್ ಡಿಸ್ಕ್) ಪರಿಚಯವಿಲ್ಲ. ವಿಎಂ ಹಳೆಯ ಜಾಗದಲ್ಲಿ ಇನ್ನೂ ಓಡುತ್ತಿರುವಾಗಲೇ ವರ್ಟ್‌ಐಒ ಡ್ರೈವರ್ ಹಾಕಿಡಿ. ಹೊಸ ಜಾಗದಲ್ಲಿ ಮೊದಲ ಸಲ ವಿಂಡೋಸ್‌ಗೆ ಪರಿಚಯವಿರುವ ಮಾಮೂಲಿ ಸಾಟಾ ಡಿಸ್ಕ್ ಎಂದೇ ಬೂಟ್ ಮಾಡಿ, ಜೊತೆಗೆ ಒಂದು ಜಿಬಿಯ ಖಾಲಿ ವರ್ಟ್‌ಐಒ ಡಿಸ್ಕ್ ಸಿಕ್ಕಿಸಿ. ವಿಂಡೋಸ್ ಅದನ್ನು ಗುರುತಿಸಿ ಡ್ರೈವರ್ ಎಬ್ಬಿಸಿಕೊಂಡ ಮೇಲೆ ವಿಎಂ ನಿಲ್ಲಿಸಿ, ಮುಖ್ಯ ಡಿಸ್ಕನ್ನೂ ವರ್ಟ್‌ಐಒಗೆ ಬದಲಿಸಿ. ಈ ಹೆಜ್ಜೆ ತಪ್ಪಿಸಿದರೆ ಬೂಟ್ ಡಿಸ್ಕೇ ಸಿಗುತ್ತಿಲ್ಲ ಎನ್ನುವ ನೀಲಿ ಪರದೆ ಬರುತ್ತದೆ.