ಅಮ್ಮ ಹೋದ ಮೇಲೆ ಮನಸ್ಸು ನಿಲ್ಲುತ್ತಿಲ್ಲ, ನೇಯ್ಗೆ ಕಲಿತರೆ ಹಗುರಾಗುತ್ತಾ?

ಪ್ರಶ್ನೆ: ಅಮ್ಮ ತೀರಿಕೊಂಡು ಕೆಲವು ತಿಂಗಳಾಯ್ತು. ಕೆಲಸಕ್ಕೆ ಹೋಗ್ತೀನಿ, ಅಡುಗೆನೂ ಮಾಡ್ತೀನಿ. ಸಂಜೆ ಸುಮ್ನೆ ಕೂತರೆ ಮಾತ್ರ ಆಸ್ಪತ್ರೆಯ ದಿನಗಳೇ ತಲೆಯಲ್ಲಿ ಸುತ್ತುತ್ತವೆ. ಹಳೇ ಬಟ್ಟೆಯಲ್ಲಿ ನೇಯ್ಗೆ ಮಾಡು, ಸಮಾಧಾನ ಆಗುತ್ತೆ ಅಂತ ಗೆಳತಿ ಹೇಳಿದಳು. ನಿಜವಾ? ಮಗ್ಗ ಕೊಳ್ಳಬೇಕಾ? ಅಮ್ಮನ ಸೀರೆಗಳನ್ನೇ ಬಳಸಬಹುದಾ?

ಉತ್ತರ: ನಿಜ, ಆಗುತ್ತೆ. ದುಃಖ ಹೋಗುತ್ತೆ ಅಂತಲ್ಲ, ಸಂಜೆಯ ಆ ಒಂದು ಗಂಟೆ ದಾಟಲು ದಾರಿ ಸಿಗುತ್ತೆ. ಮಗ್ಗ ಬೇಡ, ಒಂದು ರಟ್ಟು ಸಾಕು.

ಇದೇನು ಹೊಸ ಫ್ಯಾಷನ್ ಅಲ್ಲ. 1904ರಲ್ಲಿ ಅಮೆರಿಕದ ಮಾರ್ಬಲ್‌ಹೆಡ್‌ನಲ್ಲಿ ಹರ್ಬರ್ಟ್ ಹಾಲ್ ಅನ್ನುವ ವೈದ್ಯರು ಕೈಕಸುಬನ್ನೇ ಮದ್ದಿನಂತೆ ಕೊಡಲು ಶುರು ಮಾಡಿದರು. ಆ ಕಾಲದಲ್ಲಿ ಮನಸ್ಸು ಸೋತು ಬಂದವರಿಗೆ ಹಾಸಿಗೆ ಬಿಟ್ಟು ಏಳಬೇಡಿ ಅನ್ನುವುದೇ ದೊಡ್ಡ ಚಿಕಿತ್ಸೆ. ಅಂಥವರನ್ನು ಹಾಲ್ ಎಬ್ಬಿಸಿ ಮಗ್ಗದ ಮುಂದೆ, ಮಡಕೆಯ ಮಣ್ಣಿನ ಮುಂದೆ ಕೂರಿಸಿದರು. ಮುಂದೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೂ ನೇಯ್ಗೆ ಬಂತು. ಇವತ್ತಿನ ಆಕ್ಯುಪೇಷನಲ್ ಥೆರಪಿಯ, ಅಂದರೆ ದಿನನಿತ್ಯದ ಕೆಲಸಗಳ ಮೂಲಕವೇ ಚೇತರಿಸಿಕೊಳ್ಳಲು ನೆರವಾಗುವ ಚಿಕಿತ್ಸೆಯ, ಬೇರುಗಳಲ್ಲಿ ಇದೂ ಒಂದು.

ಯಾಕೆ ಹಗುರ ಅನಿಸುತ್ತೆ? ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ. ಇದಕ್ಕೆ ಗಮನ ಬೇಕು, ಆದರೆ ತಲೆ ಕೆಡಿಸಿಕೊಳ್ಳುವಷ್ಟು ಬೇಡ. ಎರಡೂ ಕೈಗೆ ಕೆಲಸ ಇರುವುದರಿಂದ ಫೋನ್ ತಾನಾಗಿ ಪಕ್ಕಕ್ಕೆ ಹೋಗುತ್ತೆ. ಅಳು ಬಂದರೆ ಅರ್ಧ ಸಾಲಿಗೇ ಇಟ್ಟು ಎದ್ದು ಹೋಗಿ. ನಾಳೆ ಅಲ್ಲಿಂದಲೇ ಶುರು ಮಾಡಬಹುದು, ಏನೂ ಹಾಳಾಗಿರುವುದಿಲ್ಲ. ತಪ್ಪಿದ ಸಾಲನ್ನು ಬಿಚ್ಚಿದರೂ ಬಟ್ಟೆ ಹಾಗೇ ಇರುತ್ತೆ. ಗಟ್ಟಿಯಾಗೋದು ಅಂದರೆ ನನ್ನ ಮಟ್ಟಿಗೆ ಇಷ್ಟೇ: ಬಿಟ್ಟು ಹೋದ ಕಡೆಗೆ ಮತ್ತೆ ಬಂದು ಕೂರುವ ಅಭ್ಯಾಸ.

ಒಂದು ಮಾತು ಹೇಳಲೇಬೇಕು. ಇಳಕಲ್, ಗುಳೇದಗುಡ್ಡದ ನೇಕಾರರಿಗೆ ಮಗ್ಗ ಹೊಟ್ಟೆಪಾಡು. ದಿನವಿಡೀ ಕುಣಿಮಗ್ಗದಲ್ಲಿ (ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ) ಕೂತು ಸೊಂಟ ಹಿಡಿಸಿಕೊಂಡವರ ಮುಂದೆ ನೇಯ್ಗೆ ನೆಮ್ಮದಿ ಕೊಡುತ್ತೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀವು ನೇಯುವಾಗಲೂ ಗಡುವು, ಆರ್ಡರ್, ಯಾರಿಗೋ ತೋರಿಸುವ ಹಟ ಬೇಡ.

ಈಗ ಕೆಲಸಕ್ಕೆ ಬರೋಣ. ದಪ್ಪ ರಟ್ಟನ್ನು ಸುಮಾರು 20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಮೇಲೆ, ಕೆಳಗೆ ಎರಡೂ ಅಂಚಿಗೆ 1 ಸೆಂ.ಮೀ.ಗೊಂದು ಕಚ್ಚು ಹಾಕಿ. ಗಟ್ಟಿ ಹತ್ತಿ ದಾರವನ್ನು ಕಚ್ಚಿಗೆ ಸಿಕ್ಕಿಸುತ್ತಾ ಮೇಲಿಂದ ಕೆಳಕ್ಕೆ ಎಳೆಯಿರಿ. ಇದು ಹಾಸು, ಅಂದರೆ ಉದ್ದದ ಎಳೆಗಳು. ಹೊಕ್ಕಿಗೆ, ಅಂದರೆ ಅಡ್ಡಕ್ಕೆ ನೇಯುವ ಎಳೆಗೆ, ಹಳೇ ಹತ್ತಿ ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿಯಾಗಿ ಹರಿಯಿರಿ. ಕತ್ತರಿಯಿಂದ ಚೂರು ಕೊಯ್ದು ಕೊಟ್ಟರೆ ಸಾಕು, ಉಳಿದದ್ದು ಪರ್ ಅಂತ ನೇರವಾಗಿ ಹರಿಯುತ್ತೆ. ಆ ಹರಿಯುವುದರಲ್ಲೇ ಅರ್ಧ ಸಿಟ್ಟು ಇಳಿದು ಹೋಗುತ್ತೆ. ಪಟ್ಟಿಯ ತುದಿಗೆ ಸೇಫ್ಟಿ ಪಿನ್ ಚುಚ್ಚಿ, ಅಡ್ಡ ಎಳೆಯನ್ನು ದಾಟಿಸಲು ಅದೇ ನಿಮ್ಮ ಲಾಳಿ. ಅಂಚಿನ ಎಳೆಯನ್ನು ಮೇಲಿಂದ ದಾಟಿದ್ದರೆ ವಾಪಸ್ ಬರುವಾಗ ಅದರ ಕೆಳಗಿಂದ ಬನ್ನಿ. ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳು ಪಂಜ ಅನ್ನುವ ಹಲ್ಲುಗಳಿರುವ ಸಾಧನದಿಂದ ಬಡಿದು ಸಾಲು ಕೂರಿಸುತ್ತಾರೆ. ನಿಮಗೆ ಊಟದ ಫೋರ್ಕ್ ಸಾಕು.

ಕೆಲವು ಸಾಲು ಆದ ಮೇಲೆ ಬಟ್ಟೆ ನಡುವಲ್ಲಿ ಸೊರಗುತ್ತಾ ಬರುತ್ತೆ, ಎರಡೂ ಅಂಚು ಒಳಕ್ಕೆ ಎಳೆದುಕೊಳ್ಳುತ್ತವೆ. ಪಟ್ಟಿಯನ್ನು ಜಾಸ್ತಿ ಬಿಗಿಯಾಗಿ ಎಳೆಯುತ್ತಿದ್ದೀರಿ ಅಂತ ಅರ್ಥ. ಮನಸ್ಸು ಬಿಗಿ ಇದ್ದ ದಿನ ಕೈಯೂ ಬಿಗಿಯೇ, ಅಲ್ವಾ? ಪಟ್ಟಿಯನ್ನು ಕಮಾನಿನ ಹಾಗೆ ಸಡಿಲವಾಗಿ ಹಾಸಿ, ಆಮೇಲೆ ಒತ್ತಿ. ಅಂಚು ನೇರ ನಿಲ್ಲುತ್ತೆ.

ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ನೇಯ್ಗೆಯೊಂದನ್ನೇ ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಮ್ಮನ ಸೀರೆ. ಬಳಸಿ, ಆದರೆ ಈಗಲೇ ಬೇಡ. ಮೊದಲ ಒಂದೆರಡು ತುಂಡು ಹಳೇ ಬೆಡ್‌ಶೀಟ್, ಲುಂಗಿಯಲ್ಲಿ ಆಗಲಿ. ಒಮ್ಮೆ ಹರಿದ ಸೀರೆ ಮತ್ತೆ ಸೀರೆ ಆಗುವುದಿಲ್ಲ, ಕೈ ಪಳಗದೆ ಹರಿದರೆ ಆಮೇಲೆ ಸಂಕಟ ಆಗುತ್ತೆ. ಅಕ್ಕ-ತಂಗಿ, ಅಣ್ಣ-ತಮ್ಮ ಇದ್ದರೆ ಮೊದಲು ಅವರನ್ನೂ ಕೇಳಿ. ರೇಷ್ಮೆ, ಜರಿ ಮುಟ್ಟಬೇಡಿ, ಹರಿದರೆ ಎಳೆ ಬಿಟ್ಟುಕೊಳ್ಳುತ್ತವೆ. ದಿನಾ ಉಡುತ್ತಿದ್ದ ಹತ್ತಿ ಸೀರೆ ಇದಕ್ಕೆ ಸರಿ. ಸೆರಗನ್ನು ಹಾಗೇ ತೆಗೆದಿಟ್ಟು ಒಡಲನ್ನಷ್ಟೇ ಹರಿಯಿರಿ. ರಟ್ಟಿನ ಮಗ್ಗದಲ್ಲಿ ಬರುವುದು ಚಿಕ್ಕ ತುಂಡು, ಅದಕ್ಕೆ ಸೀರೆಯ ಸ್ವಲ್ಪ ಭಾಗವೇ ಸಾಕು.