ಶುಗರ್ ಇರುವ ಬೆಕ್ಕಿಗೆ ಲಿವರ್ ತೊಂದರೆಯೂ ಬಂದು ಊಟ ಬಿಟ್ಟರೆ ಇನ್ಸುಲಿನ್ ಕೊಡಬೇಕೇ?

ಪ್ರಶ್ನೆ: ನಮ್ಮ ಗಂಡುಬೆಕ್ಕಿಗೆ ಹತ್ತು ವರ್ಷ, ತೂಕ 6 ಕೆ.ಜಿ. ಶುಗರ್‌ಗೆಂದು ಬೆಳಿಗ್ಗೆ, ಸಂಜೆ 1 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡುತ್ತಿದ್ದೇವೆ. ಈಗ ರಕ್ತಪರೀಕ್ಷೆಯಲ್ಲಿ ಎಎಲ್‌ಟಿ, ಎಎಲ್‌ಪಿ ಎಂಬ ಲಿವರ್ ಕಿಣ್ವಗಳೆರಡೂ ಹೆಚ್ಚು ಬಂದಿವೆ. ಎರಡು ದಿನದಿಂದ ತಟ್ಟೆ ಮೂಸಿ ಹಾಗೇ ಹೋಗುತ್ತಿದೆ. ಲಿವರ್‌ಗೆ ಪ್ರೋಟೀನ್ ಕಡಿಮೆ ಮಾಡಿ ಎಂದು ಒಬ್ಬರು, ಶುಗರ್‌ಗೆ ಪ್ರೋಟೀನ್ ಹೆಚ್ಚು ಮಾಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ತಿನ್ನಿಸಬೇಕು? ತಿನ್ನದ ದಿನ ಸೂಜಿ ಚುಚ್ಚಬೇಕೇ?

ಉತ್ತರ: ಎರಡು ದಿನ ಊಟ ಬಿಟ್ಟ ದಪ್ಪ ಬೆಕ್ಕನ್ನು ಇವತ್ತೇ ಡಾಕ್ಟರ ಬಳಿ ಕರೆದೊಯ್ಯಬೇಕು. ನಾಳೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಊಟ ನಿಂತರೆ ಬೆಕ್ಕಿನ ಮೈಯ ಕೊಬ್ಬು ಕರಗಿ ಲಿವರ್‌ಗೆ ಹರಿಯುತ್ತದೆ. ಅಷ್ಟು ಕೊಬ್ಬನ್ನು ಸಾಗಹಾಕುವ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ. ಕೆಲವೇ ದಿನಗಳಲ್ಲಿ ಜೀವಕೋಶಗಳಲ್ಲಿ ಕೊಬ್ಬು ತುಂಬಿ ಲಿವರ್ ಸೋಲುತ್ತದೆ, ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿಭಾಗ ಹಳದಿಗಟ್ಟುತ್ತವೆ. ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಕೊಬ್ಬು ಹೀಗೆ ಕರಗದಂತೆ ತಡೆಯುವ ಹಾರ್ಮೋನೇ ಇನ್ಸುಲಿನ್. ಶುಗರ್ ಇರುವ ಬೆಕ್ಕಿನಲ್ಲಿ ಅದರದ್ದೇ ಕೊರತೆ. ಹಾಗಾಗಿ ತಿನ್ನುತ್ತಿಲ್ಲವೆಂದು ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಲಿವರ್‌ಗೆ ಇನ್ನಷ್ಟು ಕೊಬ್ಬು ಹೋಗುತ್ತದೆ, ಜೊತೆಗೆ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಏರಿ, ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಬಹುದು. ತಿನ್ನದ ಬೆಕ್ಕಿಗೆ ಪೂರ್ತಿ ಡೋಸ್ ಚುಚ್ಚಿದರೆ ಶುಗರ್ ಪಾತಾಳಕ್ಕಿಳಿಯುತ್ತದೆ. ಹಸಿದ ಲಿವರ್‌ನಲ್ಲಿ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ದಾಸ್ತಾನು ಇರುವುದಿಲ್ಲವಾದ್ದರಿಂದ ಅದು ತಾನಾಗಿ ಮೇಲೇಳುವುದೂ ಕಷ್ಟ. ಎರಡೂ ಕಡೆಯಿಂದ ಪಾರಾಗುವ ದಾರಿ ಒಂದೇ: ಹೇಗಾದರೂ ಹೊಟ್ಟೆಗೆ ಊಟ ಸೇರಿಸಿ, ಸೇರಿದ ಊಟಕ್ಕೆ ತಕ್ಕಷ್ಟು ಇನ್ಸುಲಿನ್ ಕೊಡುವುದು.

ಮೊದಲು ವರದಿಯ ಮಾತು. ಎಎಲ್‌ಟಿ ಸ್ವಲ್ಪ ಏರುವುದು ಶುಗರ್ ಇರುವ ಬೆಕ್ಕುಗಳಲ್ಲಿ ಸಾಮಾನ್ಯ. ಎಎಲ್‌ಪಿ ಹಾಗಲ್ಲ. ಬೆಕ್ಕಿನ ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 6 ಗಂಟೆ ಮಾತ್ರ, ಆದ್ದರಿಂದ ಸಣ್ಣ ಏರಿಕೆಗೂ ಅರ್ಥವಿದೆ. ಎಎಲ್‌ಪಿ ತುಂಬಾ ಹೆಚ್ಚಿದ್ದು ಜಿಜಿಟಿ ಎಂಬ ಇನ್ನೊಂದು ಕಿಣ್ವ ಮಾಮೂಲಾಗಿದ್ದರೆ ಲಿಪಿಡೋಸಿಸ್ ಕಡೆಗೆ ಬೆರಳು ಮಾಡುತ್ತದೆ. ಎರಡೂ ಏರಿದ್ದರೆ ಪಿತ್ತನಾಳದ ಉರಿಯೂತ, ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್‌ನ ಉರಿಯೂತ) ಹುಡುಕಬೇಕು. ಹೊಟ್ಟೆಯ ಅಲ್ಟ್ರಾಸೌಂಡ್, ಬಿಲಿರುಬಿನ್, ಪೊಟ್ಯಾಶಿಯಂ, ಫಾಸ್ಫರಸ್, ಮೂತ್ರದಲ್ಲಿ ಕೀಟೋನ್ ಇವಿಷ್ಟನ್ನೂ ಕೇಳಿ ಮಾಡಿಸಿಕೊಳ್ಳಿ. ಹಿಂದಿನ ಕೆಲವು ವಾರಗಳ ಶುಗರ್ ಸರಾಸರಿ ತೋರಿಸುವ ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸಿದ್ದರೆ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಎಷ್ಟಿದೆ ಎಂದೂ ನೋಡಿ. ಆಲ್ಬುಮಿನ್ ಇಳಿದಿರುವ ಬೆಕ್ಕಿನಲ್ಲಿ ಫ್ರಕ್ಟೋಸಮೀನ್ ಸುಳ್ಳೇ ಕಡಿಮೆ ತೋರಿಸಿ, ಶುಗರ್ ಹತೋಟಿಯಲ್ಲಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಪ್ರೋಟೀನ್ ವಿಷಯದಲ್ಲಿ ನಿಮ್ಮ ಇಬ್ಬರು ಸಲಹೆಗಾರರಲ್ಲಿ ಎರಡನೆಯವರ ಮಾತು ಸರಿ. ಬೆಕ್ಕು ಹುಟ್ಟಾ ಮಾಂಸಾಹಾರಿ. ಕೊಬ್ಬನ್ನು ಲಿವರ್‌ನಿಂದ ಹೊರಗೆ ಸಾಗಿಸಲು ಅದಕ್ಕೆ ಪ್ರೋಟೀನ್ ಬೇಕೇ ಬೇಕು. ಕಡಿಮೆ ಮಾಡಬೇಕಾದ ಸಂದರ್ಭ ಒಂದೇ: ಅಮೋನಿಯಾ ಮಿದುಳಿಗೇರಿ ಬೆಕ್ಕು ಜೊಲ್ಲು ಸುರಿಸುತ್ತಾ, ಮಂಕಾಗಿ, ಗೋಡೆ ನೋಡುತ್ತಾ ನಿಲ್ಲುವಂತಾದಾಗ. ಆಗಲೂ ಎಷ್ಟು ಇಳಿಸಬೇಕೆಂದು ಡಾಕ್ಟರೇ ಹೇಳಬೇಕು.

ಕಾರ್ಬೋಹೈಡ್ರೇಟ್ ಮಾತ್ರ ಒಟ್ಟು ಕ್ಯಾಲರಿಯ ಶೇ. 10-12ರ ಒಳಗಿರಲಿ. ಪೊಟ್ಟಣದ ಮೇಲೆ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ, ಲೆಕ್ಕ ಹಾಕಬೇಕು. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಐದನ್ನೂ ಕೂಡಿಸಿ 100ರಿಂದ ಕಳೆಯಿರಿ, ಉಳಿದದ್ದೇ ಕಾರ್ಬೋಹೈಡ್ರೇಟ್ (ಕಾರ್ಬ್). ಬೂದಿಯ ಅಂಶ ಕೊಟ್ಟಿಲ್ಲದಿದ್ದರೆ ಒದ್ದೆ ಆಹಾರಕ್ಕೆ 2, ಒಣ ಆಹಾರಕ್ಕೆ 8 ಎಂದಿಟ್ಟುಕೊಳ್ಳಿ. ಒಂದು ಪೌಚ್‌ನಲ್ಲಿ ಪ್ರೋಟೀನ್ 10, ಕೊಬ್ಬು 5, ನಾರು 0.5, ತೇವಾಂಶ 80, ಬೂದಿ 2 ಇದ್ದರೆ ಉಳಿಯುವುದು 2.5. ಪ್ರೋಟೀನನ್ನೂ ಕಾರ್ಬೋಹೈಡ್ರೇಟನ್ನೂ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿದರೆ 100 ಗ್ರಾಂಗೆ ಸುಮಾರು 86 ಕ್ಯಾಲರಿ, ಅದರಲ್ಲಿ ಕಾರ್ಬ್ ಪಾಲು ಶೇ. 10. ಪರವಾಗಿಲ್ಲ. ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8 ಇರುವ ಒಣ ಕಾಳಿಗೆ ಇದೇ ಲೆಕ್ಕ ಹಾಕಿದರೆ ಕಾರ್ಬ್ ಪಾಲು ಶೇ. 36ರ ಹತ್ತಿರ ಬರುತ್ತದೆ. ನಮ್ಮ ಕಡೆಯ ಹಾಲನ್ನ, ಮೊಸರನ್ನದ ಕಥೆ ಹೇಳುವುದೇ ಬೇಡ. ಬೇಯಿಸಿದ ಕೋಳಿ, ಮತ್ತಿ ಮೀನು ರುಚಿ ಹತ್ತಿಸಲು ಒಳ್ಳೆಯದೇ. ಅದನ್ನೇ ವಾರಗಟ್ಟಲೆ ಹಾಕಿದರೆ ಕ್ಯಾಲ್ಸಿಯಂ, ಟಾರಿನ್ ಎಂಬ ಅಮೈನೋ ಆಮ್ಲ ಸಾಲುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಚೂರು ಕೂಡ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಇಲ್ಲೊಂದು ಅಪಾಯವಿದೆ. ಒಣ ಕಾಳು ಅಥವಾ ಅನ್ನದಿಂದ ಒದ್ದೆ ಆಹಾರಕ್ಕೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ಇನ್ಸುಲಿನ್ ಅಗತ್ಯ ಗಣನೀಯವಾಗಿ ಇಳಿಯಬಹುದು. ಡೋಸ್ ಹಾಗೇ ಇದ್ದರೆ ಶುಗರ್ ಕುಸಿಯುತ್ತದೆ. ಮನೆಯಲ್ಲಿ ಶುಗರ್ ನೋಡುವ ಏರ್ಪಾಡು ಆದ ಮೇಲೆಯೇ, ಡಾಕ್ಟರಿಗೆ ತಿಳಿಸಿ, ಆಹಾರ ಬದಲಿಸಿ. ಈಗಂತೂ ಬೆಕ್ಕು ಯಾವುದನ್ನು ತಿನ್ನುತ್ತದೋ ಅದನ್ನೇ ಕೊಡಿ, ಒಣ ಕಾಳಾದರೂ ಸರಿ. ಲಿಪಿಡೋಸಿಸ್ ಇರುವಾಗ ಕಾರ್ಬ್ ಲೆಕ್ಕಕ್ಕಿಂತ ಕ್ಯಾಲರಿ ಲೆಕ್ಕ ಮುಖ್ಯ. ತೂಕ ಇಳಿಸುವ ಯೋಚನೆಯನ್ನು ಸದ್ಯಕ್ಕೆ ಕೈಬಿಡಿ.

ಎಷ್ಟು ಬೇಕು? ಇರಬೇಕಾದ ತೂಕ 4 ಕೆ.ಜಿ. ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 200 ಕ್ಯಾಲರಿ. ಮೇಲಿನ ಲೆಕ್ಕದ 85 ಗ್ರಾಂ ಪೌಚ್ ಆದರೆ ಹತ್ತಿರ ಹತ್ತಿರ ಮೂರು. ಅಡುಗೆಮನೆ ತಕ್ಕಡಿಯಲ್ಲಿ ಹಾಕಿದ್ದನ್ನೂ ಉಳಿದದ್ದನ್ನೂ ತೂಗಿ ಬರೆದಿಡಿ. ‘ಸುಮಾರಾಗಿ ತಿಂತು’ ಎಂಬ ವರದಿಯಿಂದ ಇನ್ಸುಲಿನ್ ಡೋಸ್ ನಿರ್ಧರಿಸಲಾಗುವುದಿಲ್ಲ.

ಸಿರಿಂಜ್‌ನಲ್ಲಿ ಬಾಯಿಗೆ ಬಲವಂತವಾಗಿ ಹಾಕುವುದನ್ನು ನಾವು ಒಪ್ಪುವುದಿಲ್ಲ. ಹೊಟ್ಟೆ ತೊಳಸುತ್ತಿರುವಾಗ ಹಾಗೆ ತುರುಕಿದ ಆಹಾರವನ್ನು ಬೆಕ್ಕು ಆಮೇಲೆ ಜನ್ಮದಲ್ಲಿ ಮೂಸುವುದಿಲ್ಲ. ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಹಾಕುವ ಟ್ಯೂಬ್ ನೋಡಲು ಭಯ ಹುಟ್ಟಿಸಿದರೂ ಕೆಲಸಕ್ಕೆ ಅದೇ ವಾಸಿ. ಎಷ್ಟು ಕ್ಯಾಲರಿ ಹೋಯಿತೆಂದು ಖಚಿತವಾಗಿ ಗೊತ್ತಾಗುವುದರಿಂದ ಇನ್ಸುಲಿನ್ ಹೊಂದಿಸುವುದೂ ಸುಲಭ. ಮೊದಲ ದಿನ 50 ಕ್ಯಾಲರಿ, ಎರಡನೇ ದಿನ 100, ಹೀಗೆ ನಾಲ್ಕನೇ ದಿನಕ್ಕೆ 200 ಮುಟ್ಟಿಸುತ್ತಾರೆ. ಹಸಿದ ಮೈಗೆ ಒಮ್ಮೆಲೇ ಊಟವೂ ಇನ್ಸುಲಿನ್ನೂ ಸಿಕ್ಕರೆ ರಕ್ತದ ಪೊಟ್ಯಾಶಿಯಂ, ಫಾಸ್ಫರಸ್ ಜೀವಕೋಶಗಳೊಳಗೆ ನುಗ್ಗಿ ಅಪಾಯಕಾರಿ ಮಟ್ಟಕ್ಕೆ ಇಳಿಯುತ್ತವೆ. ಈ ಮೊದಲ ದಿನಗಳು ಆಸ್ಪತ್ರೆಯಲ್ಲೇ ಕಳೆಯುವುದು ಕ್ಷೇಮ. ಮನೆಗೆ ಬಂದ ಮೇಲೆ ದಿನಕ್ಕೆ 4-6 ಸಲ, ಉಗುರುಬೆಚ್ಚಗೆ, ನಿಧಾನವಾಗಿ ಕೊಡಿ. ಪ್ರತಿ ಸಲ ಮೊದಲು, ಕೊನೆಗೆ 5-10 ಮಿ.ಲೀ. ನೀರು ಬಿಡದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ.

ಇನ್ಸುಲಿನ್ ವಿಷಯದಲ್ಲಿ ನಮ್ಮಲ್ಲಿ ಆಗುವ ದೊಡ್ಡ ಎಡವಟ್ಟು ಸಿರಿಂಜ್‌ನದ್ದು. ಗ್ಲಾರ್ಜಿನ್, ಅದು ಲ್ಯಾಂಟಸ್ ಆಗಲಿ ಬೆಂಗಳೂರಿನ ಬಯೋಕಾನ್‌ನ ಬೇಸಲಾಗ್ ಆಗಲಿ, ಮಿ.ಲೀ.ಗೆ 100 ಯೂನಿಟ್ ಇರುವ ಔಷಧ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ‘ಇನ್ಸುಲಿನ್ ಸಿರಿಂಜ್ ಕೊಡಿ’ ಎಂದರೆ ಕೆಂಪು ಮುಚ್ಚಳದ ಯು-40 (ಮಿ.ಲೀ.ಗೆ 40 ಯೂನಿಟ್ ಇರುವ ಔಷಧದ್ದು) ಕೊಟ್ಟುಬಿಡಬಹುದು. ಅದರಲ್ಲಿ 1 ಗೆರೆ ಎಳೆದರೆ ಒಳಗೆ ಬರುವುದು 2.5 ಯೂನಿಟ್ ಗ್ಲಾರ್ಜಿನ್! ಕಿತ್ತಳೆ ಮುಚ್ಚಳದ ಯು-100 ಸಿರಿಂಜನ್ನೇ, ಸಾಧ್ಯವಾದರೆ ಅರ್ಧ ಯೂನಿಟ್ ಗೆರೆಗಳಿರುವ 0.3 ಮಿ.ಲೀ. ಅಳತೆಯದ್ದನ್ನೇ ತನ್ನಿ. ಪಶುಗಳಿಗೆಂದೇ ಬರುವ ಕ್ಯಾನಿನ್ಸುಲಿನ್‌ನಂಥ ಮಿ.ಲೀ.ಗೆ 40 ಯೂನಿಟ್‌ನ ಔಷಧಗಳಿಗೆ ಮಾತ್ರ ಯು-40 ಬೇಕು. ಗ್ಲಾರ್ಜಿನನ್ನು ಕುಲುಕಬಾರದು, ನೀರು ಬೆರೆಸಬಾರದು, ಫ್ರೀಜರ್‌ನಲ್ಲಿ ಇಡಬಾರದು.

ಸೂಜಿಗೆ ಮೊದಲು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಶುಗರ್ ನೋಡಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆಂಬುದು ನೆನಪಿರಲಿ. ಆಮೇಲೆ ಊಟ, ಊಟ ನೋಡಿಕೊಂಡು ಸೂಜಿ. ಮಾಮೂಲಿನಷ್ಟು ತಿಂದರೆ ಪೂರ್ತಿ ಡೋಸ್. ಅರ್ಧಕ್ಕಿಂತ ಕಡಿಮೆ ತಿಂದು ಶುಗರ್ 300 ದಾಟಿದ್ದರೆ ಸಾಮಾನ್ಯವಾಗಿ ಅರ್ಧ ಡೋಸ್ ಕೊಟ್ಟು ಡಾಕ್ಟರಿಗೆ ಫೋನ್ ಮಾಡಲು ಹೇಳುತ್ತಾರೆ. ಶುಗರ್ 200ಕ್ಕಿಂತ ಕಡಿಮೆಯಿದ್ದು ಊಟವೂ ಆಗಿಲ್ಲದಿದ್ದರೆ ಸೂಜಿ ತಡೆದು ಫೋನ್ ಮಾಡಿ. ನಿಮ್ಮ ಬೆಕ್ಕಿಗೆ ಈ ಅಂಕಿಗಳು ಬೇರೆ ಇರಬಹುದು, ಡಾಕ್ಟರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ಚುಚ್ಚಿದ್ದು ಚರ್ಮದೊಳಗೆ ಹೋಯಿತೋ ಕೂದಲಿಗೆ ಹೋಯಿತೋ ಅನುಮಾನ ಬಂದರೆ ಎರಡನೇ ಸಲ ಚುಚ್ಚಬೇಡಿ. ಒಂದು ಹೊತ್ತು ಶುಗರ್ ಹೆಚ್ಚಿದ್ದರೆ ತಡೆಯಬಹುದು, ಡಬಲ್ ಡೋಸ್ ಕೊಲ್ಲುತ್ತದೆ.

ಬೆಕ್ಕು ತೂರಾಡಿದರೆ, ಕಾಲು ಸೋತು ಮಲಗಿದರೆ, ನಡುಗಿದರೆ ಅಥವಾ ಮೀಟರ್ 60ಕ್ಕಿಂತ ಕೆಳಗೆ ತೋರಿಸಿದರೆ ಗ್ಲೂಕೋಸ್ ಪುಡಿ ಕಲಸಿದ ಗಟ್ಟಿ ನೀರು ಅಥವಾ ಜೇನುತುಪ್ಪ ಒಂದು ಚಮಚದಷ್ಟು ಒಸಡಿಗೆ ಸವರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಾಗ ಬಾಯೊಳಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ, ಮಂಕು, ಜೊತೆಗೆ ಮೂತ್ರದ ಪಟ್ಟಿಯಲ್ಲಿ ಕೀಟೋನ್ ಕಂಡರೂ ತುರ್ತೇ.

ಔಷಧಗಳಲ್ಲಿ ಕೆಲವು ಈ ಬೆಕ್ಕಿಗೆ ಆಗಿಬರುವುದಿಲ್ಲ. ಶುಗರ್ ಮಾತ್ರೆ ಗ್ಲಿಪಿಜೈಡ್ ಬೆಕ್ಕಿನ ಲಿವರ್‌ಗೇ ಪೆಟ್ಟು ಕೊಡಬಹುದು. ಅಮೆರಿಕದಲ್ಲಿ 2022ರಲ್ಲಿ ಬೆಕ್ಸಾಗ್ಲಿಫ್ಲೋಜಿನ್, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ಬಾಯಿಯ ಔಷಧಗಳಿಗೆ ಅನುಮತಿ ಸಿಕ್ಕಿತು. ಅವು ಚೆನ್ನಾಗಿ ತಿಂದುಂಡು ಇರುವ, ಪರೀಕ್ಷೆಯಲ್ಲಿ ಲಿವರ್, ಕಿಡ್ನಿ, ಪ್ಯಾಂಕ್ರಿಯಾಸ್ ತೊಂದರೆಯಿಲ್ಲವೆಂದು ಕಂಡುಬಂದ ಬೆಕ್ಕುಗಳಿಗೆ. ಹಸಿವಿಗೆಂದು ಬಾಯಿಂದ ಕೊಡುವ ಡಯಾಜೆಪಾಮ್ ಕೆಲವು ಬೆಕ್ಕುಗಳ ಲಿವರನ್ನೇ ನಾಶಮಾಡಿದೆ. ಹಸಿವು ಹೆಚ್ಚಿಸುವ ಮಿರ್ಟಜಪೈನ್ ಕೊಡಬಹುದು, ಲಿವರ್ ಸೋತಿದ್ದರೆ ಡೋಸ್‌ಗಳ ನಡುವಿನ ಅಂತರ ಹೆಚ್ಚಿಸಬೇಕು. ಪಿತ್ತನಾಳದ ಉರಿಯೂತಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಬೇಕಾಗಿ ಬಂದರೆ ಶುಗರ್ ಏರಿ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ಆ ಮಾತ್ರೆ ಇಳಿಸುತ್ತಾ ಬಂದಂತೆ ಇನ್ಸುಲಿನ್ನೂ ಇಳಿಯಬೇಕು, ಮರೆಯುವುದು ಇಲ್ಲೇ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಇನ್ನು ಲಿವರ್ ಟಾನಿಕ್‌ಗಳು: ಕೊಡುವುದಾದರೆ ಬಾಟಲಿಯ ಮೇಲೆ ಸಕ್ಕರೆ ಪಾಕ ಇದೆಯೇ ನೋಡಿ, ಊಟಕ್ಕೆ ಬದಲಾಗಿ ಎಣಿಸಬೇಡಿ.

ಬೆಕ್ಕು ತಾನಾಗಿ ತಿನ್ನಲು ಶುರುಮಾಡಿದ ಮೇಲೆ ಟ್ಯೂಬ್ ತೆಗೆಸಲು ಅವಸರ ಬೇಡ. ವಾರವಾದರೂ ಪೂರ್ತಿ ಊಟ ಬಾಯಿಂದಲೇ ಹೋಗಲಿ. 12 ಗಂಟೆಯ ಕಾಲ ಎರಡೆರಡು ಗಂಟೆಗೊಮ್ಮೆ ಶುಗರ್ ನೋಡಿ ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ. ತಳಮಟ್ಟ 80ರಿಂದ 150ರ ನಡುವೆ ಬಂದರೆ ಚೆನ್ನ. 80ಕ್ಕಿಂತ ಕೆಳಗಿಳಿದಿದ್ದರೆ ಡೋಸ್ ಇಳಿಸಬೇಕು, ಕಾಯುವಂತಿಲ್ಲ. ಏರಿಸುವುದಾದರೆ ಮಾತ್ರ ಐದಾರು ದಿನ ಕಾದು, ಅರ್ಧರ್ಧ ಯೂನಿಟ್‌ನಂತೆ.