ಟಸರ್ ಗೂಡಿನೊಳಗಿನ ಕೋಶ ತಿಂಗಳುಗಟ್ಟಲೆ ಹೇಗೆ ಉಸಿರಾಡುತ್ತದೆ?

ಪ್ರಶ್ನೆ: ಜನವರಿಯಲ್ಲಿ ಒಡಿಶಾದಿಂದ ತಂದ ಟಸರ್ (ಒಂದು ಬಗೆಯ ಕಾಡು ರೇಷ್ಮೆ) ಗೂಡು ಏಪ್ರಿಲ್ ಬಂದರೂ ಹಾಗೇ ಇದೆ. ನಮ್ಮ ರೇಷ್ಮೆ ಗೂಡಿನಿಂದ ಹತ್ತು–ಹನ್ನೆರಡು ದಿನಕ್ಕೆ ಚಿಟ್ಟೆ ಬರುತ್ತದೆ ಅಲ್ವಾ? ಇದು ಸತ್ತಿದೆಯಾ? ಅಷ್ಟು ಗಟ್ಟಿ ಗೂಡಿನೊಳಗೆ ಉಸಿರಾಡುವುದಾದರೂ ಹೇಗೆ?

ದಯವಿಟ್ಟು ಗೂಡು ಕತ್ತರಿಸಬೇಡಿ. ಕೈಯಲ್ಲಿ ಹಿಡಿದು ನೋಡಿ. ಭಾರ ಇದ್ದರೆ ಬಹುತೇಕ ಜೀವಂತವಾಗಿಯೇ ಇದೆ. ಒಣಗಿ ತೀರಾ ಹಗುರಾಗಿದ್ದರೆ ಮಾತ್ರ ಅನುಮಾನಪಡಿ.

ಹಿಪ್ಪುನೇರಳೆ ರೇಷ್ಮೆಯಲ್ಲಿ ಸುಪ್ತಾವಸ್ಥೆ, ಅಂದರೆ ಬೆಳವಣಿಗೆ ನಿಂತು ಮಲಗುವ ಸ್ಥಿತಿ, ಬರುವುದು ಮೊಟ್ಟೆಯಲ್ಲಿ. ಟಸರ್‌ನಲ್ಲಿ ಅದು ಬರುವುದು ಕೋಶದಲ್ಲಿ, ಅಂದರೆ ಹುಳು ಗೂಡಿನೊಳಗೆ ಚಿಟ್ಟೆಯಾಗುವ ಮುಂಚಿನ ಹಂತದಲ್ಲಿ. ಜಾರ್ಖಂಡ್, ಛತ್ತೀಸಗಡ, ಒಡಿಶಾದ ಕಾಡುಗಳಲ್ಲಿ ಮತ್ತಿ ಮರದ ಮೇಲೆ ಬೆಳೆದ ಹುಳು ಚಳಿಗಾಲದ ಹೊತ್ತಿಗೆ ಗೂಡು ಕಟ್ಟುತ್ತದೆ. ಆಮೇಲೆ ಬೇಸಿಗೆ ಪೂರ್ತಿ ಮಲಗಿ, ಮಳೆ ಶುರುವಾಗುವಾಗ ಚಿಟ್ಟೆಯಾಗುತ್ತದೆ. ಅಲ್ಲಿನ ಬೆಳೆಗಾರರು ಬಿತ್ತನೆ ಗೂಡುಗಳನ್ನು ಅಷ್ಟು ತಿಂಗಳು ಕಾಪಾಡಿ ಇಡುವುದು ಇದಕ್ಕೇ.

ಈ ನಿದ್ದೆಯ ಬೀಗ ಇರುವುದು ಮಿದುಳಿನಲ್ಲಿ. ಅಮೆರಿಕದ ಸೆಕ್ರೋಪಿಯ ಎಂಬ ಕಾಡು ರೇಷ್ಮೆ ಪತಂಗದಲ್ಲಿ ವಿಜ್ಞಾನಿ ಕ್ಯಾರಲ್ ವಿಲಿಯಮ್ಸ್ 1940ರ ದಶಕದಲ್ಲಿ ಇದನ್ನು ತೋರಿಸಿದರು. ಹಲವು ವಾರ ಚಳಿಯಲ್ಲಿಟ್ಟ ಕೋಶದ ಮಿದುಳನ್ನು ತೆಗೆದು, ಮಲಗಿದ್ದ ಇನ್ನೊಂದು ಕೋಶದೊಳಗೆ ಇಟ್ಟರು. ಅದು ಎಚ್ಚೆತ್ತು ಪತಂಗವಾಯಿತು! ಮಿದುಳಿನ ಹಾರ್ಮೋನು ಬರುವವರೆಗೆ ಬೆಳವಣಿಗೆ ನಿಂತೇ ಇರುತ್ತದೆ. ಮಲಗಿರುವಾಗ ಕೋಶಕ್ಕೆ ಬೇಕಾಗುವ ಆಮ್ಲಜನಕವೂ ತೀರಾ ಕಡಿಮೆ.

ಇನ್ನು ಉಸಿರು. ಗೂಡಿನ ಗೋಡೆಯಲ್ಲಿ ಗಾಳಿ ಹಾಯುತ್ತದೆ, ಆ ಚಿಂತೆ ಬೇಡ. ಸೋಜಿಗ ಇರುವುದು ಕೋಶದ ಎರಡೂ ಪಕ್ಕದ ಉಸಿರುರಂಧ್ರಗಳಲ್ಲಿ. ಅವಕ್ಕೆ ಮುಚ್ಚಳಗಳಿವೆ. ಮೊದಲು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಒಳಗಿನ ಆಮ್ಲಜನಕ ಇಳಿದಾಗ ಸಣ್ಣಗೆ ಅದುರುತ್ತಾ ಒಂದಿಷ್ಟು ಗಾಳಿ ಒಳಗೆಳೆದುಕೊಳ್ಳುತ್ತವೆ. ಅಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ದೇಹದ ದ್ರವದಲ್ಲಿ ಕರಗಿ ಕೂಡುತ್ತಾ ಹೋಗುತ್ತದೆ. ಮಿತಿ ದಾಟಿದಾಗ ಮುಚ್ಚಳ ಪೂರ್ತಿ ತೆರೆದು, ಎಲ್ಲವೂ ಒಟ್ಟಿಗೆ ಹೊರಗೆ. ಸೆಕ್ರೋಪಿಯದಲ್ಲಿ ಇದು ಹಲವು ಗಂಟೆಗೊಮ್ಮೆ ನಡೆಯುತ್ತದೆ, ಚಳಿ ಇದ್ದರೆ ಒಂದು ದಿನಕ್ಕೂ ಜಾಸ್ತಿ ಹಿಡಿಯಬಹುದು.

ಯಾಕಿಷ್ಟು ಬಿಗಿ? ತೆರೆದಷ್ಟೂ ದೇಹದ ನೀರು ಆವಿಯಾಗುತ್ತದೆ ಎಂಬುದು ಹಳೆಯ ಉತ್ತರ. 2005ರಲ್ಲಿ ವಿಜ್ಞಾನಿಗಳಾದ ಹೆಟ್ಜ್ ಮತ್ತು ಬ್ರಾಡ್ಲಿ ಅಟ್ಲಾಸ್ ಎಂಬ ಇನ್ನೊಂದು ಪತಂಗದ ಕೋಶಗಳನ್ನು ಪರೀಕ್ಷಿಸಿ ಬೇರೆ ಮಾತು ಹೇಳಿದರು: ಆಮ್ಲಜನಕ ಜಾಸ್ತಿಯಾದರೆ ಅಂಗಾಂಶಕ್ಕೇ ಹಾನಿ, ಅದನ್ನು ತಡೆಯಲು ಈ ಬಿಗಿ. ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಎರಡೂ ಸೇರಿಯೇ ಸರಿ ಅನ್ನಿಸುತ್ತದೆ. ಆದರೆ ಟಸರ್ ಮಟ್ಟಿಗೆ ನೀರಿನ ಲೆಕ್ಕವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಅದು ಬೇಸಿಗೆಯನ್ನು ಒಂದು ಹನಿ ಕುಡಿಯದೆ ಕಳೆಯಬೇಕು. ಹೊರಬಂದ ಚಿಟ್ಟೆಯೂ ಏನೂ ತಿನ್ನುವುದಿಲ್ಲ. ಮೊಟ್ಟೆಗೆ ಬೇಕಾದದ್ದೂ ಇದೇ ಉಳಿತಾಯದಿಂದ ಬರಬೇಕು.

ಗೂಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬೇಡಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಇರುವೆ ಹತ್ತದಂತೆ ಅದರ ತೊಟ್ಟಿನಿಂದಲೇ ನೇತುಹಾಕಿ. ಮಳೆ ಶುರುವಾದ ಮೇಲೆ ಸಂಜೆ ಹೊತ್ತು ನೋಡುತ್ತಿರಿ. ತೊಟ್ಟಿನ ಬದಿ ಒದ್ದೆಯಾದರೆ ಚಿಟ್ಟೆ ಹೊರಡುತ್ತಿದೆ ಎಂದರ್ಥ. ರೆಕ್ಕೆ ಬಿಚ್ಚಿಕೊಳ್ಳಲು ಅದಕ್ಕೆ ಜೋತುಬೀಳುವಷ್ಟು ಜಾಗ ಸುತ್ತ ಬಿಟ್ಟಿರಿ.